ತೋಳಿಗೆ ಕಟ್ಟಿದ ನಾಣ್ಯ

ಡಬ್ಬಿಯೊಳಗೆ ಕಲ್ಲುಸಕ್ಕರೆ ಇತ್ತು.

ಫಲಕ್ ಮುಚ್ಚಳ ಹಾಕಿದಳು. ಬೇರೆ ಯಾವುದೋ ಡಬ್ಬಿ ತೆರೆದಿರಬೇಕು ಎಂದುಕೊಂಡು ಮೇಜಿನ ಮೇಲೆಲ್ಲ ಕಣ್ಣಾಡಿಸಿದಳು. ಪುಟ್ಟ ತಕ್ಕಡಿ, ಭೂತಗನ್ನಡಿ, ಕ್ಯಾಮೆರಾದ ಸ್ಟ್ಯಾಂಡು, ಹೊಲಿಗೆ ಯಂತ್ರ, ಅದರ ಪಕ್ಕದಲ್ಲಿ ಅಂಚು ಮಡಿಸಿ ಹೊಲಿಯಬೇಕಿದ್ದ ಗಂಡ ಕರೀಮನ ಪ್ಯಾಂಟು. ಬೇರೆ ಡಬ್ಬಿ ಇರಲಿಲ್ಲ. ಮತ್ತೆ ತೆರೆದಳು. ಬಿಳಿ ಹತ್ತಿಯ ನಡುವಿನ ಗುಳಿಯಲ್ಲಿ, ಸುಮಾರು ಸಾವಿರದ ಒಂಬೈನೂರು ವರ್ಷ ಹಳೆಯ ಬೆಳ್ಳಿಯ ನಾಣ್ಯ ಇರಬೇಕಾದ ಜಾಗದಲ್ಲಿ, ಹೆಬ್ಬೆರಳಿನ ಉಗುರಿನಷ್ಟು ಕಲ್ಲುಸಕ್ಕರೆ ಕಿಟಕಿಯ ಬಿಸಿಲಿಗೆ ಮಿನುಗುತ್ತ ಕೂತಿತ್ತು.

ಕಳ್ಳರು ಬಂದಿದ್ದರೆ ಸಕ್ಕರೆ ಇಟ್ಟು ಹೋಗುತ್ತಿರಲಿಲ್ಲ. ಖಾಲಿ ಡಬ್ಬಿ ಮುಚ್ಚಿಡಲು ಕೈ ಬಾರದವರು ಆ ಮನೆಯಲ್ಲಿ ಒಬ್ಬರೇ. ಪಕ್ಕದ ಮನೆಯ ಉಡುಪಿಯ ರಾಜೀವಿ ಕಡುಬು ಕಳಿಸಿದ ಪಾತ್ರೆಯೂ ವಾಪಸ್ ಹೋಗುವಾಗ ತಳದಲ್ಲಿ ಒಂದು ಹಿಡಿ ಸಕ್ಕರೆ ಇರಲೇಬೇಕು.

"ಅಮ್ಮೀ!"

ಅಡುಗೆಮನೆಯಲ್ಲಿ ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದ ಬದರುನ್ನೀಸಾ ತಲೆ ಎತ್ತಿದರು. ಮೈಸೂರಿನ ಮಂಡಿಮೊಹಲ್ಲಾದ ಸರ್ಕಾರಿ ಶಾಲೆಯಲ್ಲಿ ನಿವೃತ್ತರಾಗುವ ತನಕ ಕನ್ನಡ ಪಾಠ ಹೇಳಿದವರು. ಸೊಸೆಯ ದನಿ ಏರಿದ್ದು ಅವರಿಗೆ ತಕ್ಷಣ ಗೊತ್ತಾಯಿತು.

"ಏನಾಯ್ತಮ್ಮ? ಹಲ್ಲಿ ಬಿತ್ತಾ?"

"ಈ ಡಬ್ಬೀಲಿದ್ದ ನಾಣ್ಯ ಎಲ್ಲಿ?"

"ಓ, ಅದಾ. ರಿಮ್ಶಾ ತೋಳಿಗೆ ಕಟ್ದೆ ಕಣಮ್ಮ. ಮೈಸೂರಿಂದ ತಂದಿದ್ದ ಬೆಳ್ಳಿ ರೂಪಾಯಿ ಎಲ್ಲಾ ಮುಗೀತಲ್ಲ. ಈ ದೇಶದ ಕಾಸು ನೋಡಿದ್ರೆ ತಗಡು ಇದ್ದಂಗಿದೆ. ಮೊಮ್ಮಗಳಿಗೆ ತಗಡು ಕಟ್ಲಾ?"

ಪ್ರಯಾಣ ಹೊರಟವರ ಬಲತೋಳಿಗೆ ಹಸಿರು ಬಟ್ಟೆಯಲ್ಲಿ ನಾಣ್ಯ ಸುತ್ತಿ ಕಟ್ಟುವುದು ಆ ಮನೆಯ ಪದ್ಧತಿ. ಅದಕ್ಕೆ ಇಮಾಮ್ ಜಾಮಿನ್ ಎನ್ನುತ್ತಾರೆ. ಹೊರಟವರಿಗೆ ಇಮಾಮರೇ ಜಾಮೀನು. ಕ್ಷೇಮವಾಗಿ ತಲುಪಿದ ಮೇಲೆ ಕಟ್ಟು ಬಿಚ್ಚಿ, ಆ ನಾಣ್ಯವನ್ನು ಇಲ್ಲದವರಿಗೆ ಸದ್ಕಾ ಎಂದು ದಾನ ಕೊಟ್ಟುಬಿಡಬೇಕು. ಈದ್ ಹಬ್ಬಕ್ಕೆ ಬಂದಿದ್ದ ಮಗಳು ರಿಮ್ಶಾ ನಿನ್ನೆ ಸಂಜೆ ಸ್ಯಾನ್ ಡಿಯೆಗೋಗೆ ವಾಪಸ್ ಹೊರಟಾಗ ಅಜ್ಜಿ ಕಟ್ಟಿದ್ದನ್ನು ಫಲಕ್ ಕಣ್ಣಾರೆ ಕಂಡಿದ್ದಳು. ಕಂಡದ್ದಷ್ಟೇ ಅಲ್ಲ, "ಬಿಗಿಯಾಗಿದೆಯಾ?" ಎಂದು ಬಟ್ಟೆಯ ಗಂಟಿನ ಮೇಲೆ ಬೆರಳಿಟ್ಟು ಒತ್ತಿ ನೋಡಿದ್ದಳು. ಒಳಗಿನ ದುಂಡನೆಯ ಗಟ್ಟಿ ಅವಳ ಬೆರಳಿಗೆ ಸಿಕ್ಕಿತ್ತು. ಆ ಬೆರಳನ್ನು ಈಗ ಅವಳು ಬೇರೆ ಯಾರದೋ ಬೆರಳಿನಂತೆ ನೋಡಿದಳು.

ಫೋನ್ ತುಂಬ ಹೊತ್ತು ರಿಂಗಾಯಿತು.

"ಮಾಮ್, ಐ ಆಮ್ ಇನ್ ದಿ ಲ್ಯಾಬ್."

"ನಿನ್ನೆ ನಿನ್ನ ದಾದಿ ತೋಳಿಗೆ ಕಟ್ಟಿದ್ರಲ್ಲ, ಅದು ಎಲ್ಲಿ? ಬಿಚ್ಚಿಲ್ಲ ತಾನೆ?"

"ಬಿಚ್ಚಿ, ಗಂಟು ಸಮೇತ ಕೊಟ್ಟೆ. ದಿಸ್ ಮಾರ್ನಿಂಗ್. ಲೈಕ್ ಯೂ ಆರ್ ಸಪೋಸ್ಡ್ ಟು."

"ಯಾರಿಗೆ ಕೊಟ್ಟೆ?"

ಮಾರ್ಲೀನ್‌ಗೆ ಎಂದಳು ರಿಮ್ಶಾ. ಮಿಷನ್ ಬೇ ಹತ್ತಿರ ತಾನು ದಿನಾ ಬೆಳಿಗ್ಗೆ ಓಡಲು ಹೋಗುವ ಕಡೆ, ಪಾರ್ಕಿಂಗ್ ಲಾಟಿನಲ್ಲಿ ವ್ಯಾನಿನೊಳಗೇ ವಾಸ ಮಾಡುವ ಹೆಂಗಸು. ತಾನು ಕಾಫಿ ಒಯ್ದುಕೊಡುವ ಪರಿಚಯ. ಆಕೆ ಇವತ್ತು ಊರು ಬಿಡುತ್ತಿದ್ದಾಳೆ, ಮರುಭೂಮಿಯಾಚೆಯ ಟೂಸಾನಿಗೆ.

"ಹೋಗೋಕೆ ಬಿಡ್ಬೇಡ. ನಾಣ್ಯ ವಾಪಸ್ ಇಸ್ಕೋ. ಅದು ನಮ್ಮದಲ್ಲ ರಿಮ್ಶಾ. ಬೆದ್ರೋಸ್ ಅಂಕಲ್‌ದು."

ರಿಮ್ಶಾಗೆ ಆಗ ಅರ್ಥವಾಯಿತು.

"ಓ ಮೈ ಗಾಡ್. ದಿ ನಾಣ್ಯ?" ಮತ್ತೆ ಸಣ್ಣ ದನಿಯಲ್ಲಿ, "ಐ ಕಾಂಟ್ ಜಸ್ಟ್ ಟೇಕ್ ಇಟ್ ಬ್ಯಾಕ್, ಮಾಮ್. ಶಿ ಕ್ರೈಡ್. ನೀವು ಬನ್ನಿ."

ಫಲಕ್ ಕಾರಿನ ಕೀಲಿಯ ಜೊತೆ ಡಬ್ಬಿಯನ್ನೂ ಯಾಕೆ ಎತ್ತಿಕೊಂಡಳೋ ಅವಳಿಗೇ ತಿಳಿಯಲಿಲ್ಲ. ಕಾರು ಹಿಂದಕ್ಕೆ ತೆಗೆಯುವಷ್ಟರಲ್ಲಿ ಬದರುನ್ನೀಸಾ ಎಡಗಾಲಿಗೆ ಬಲಗಾಲಿನ ಚಪ್ಪಲಿ ಹಾಕಿಕೊಂಡು ಬಂದು ಪಕ್ಕದ ಬಾಗಿಲು ತೆರೆದು ಕೂತರು. ಫಲಕ್ ಕಾರು ರಸ್ತೆಗಿಳಿಸಿದಳು.

ಕಾರು ಫ್ರೀವೇ ಹತ್ತಿತು. ಗೇರಿನ ಹಿಂದಿನ ಗುಂಡಿಯಲ್ಲಿಟ್ಟ ಡಬ್ಬಿಯೊಳಗೆ ಕಲ್ಲುಸಕ್ಕರೆ ಕಟಕಟ ಎನ್ನುತ್ತಿತ್ತು. ರಸ್ತೆ ಸಮವಾಗಿದ್ದಾಗ ಸುಮ್ಮನಿದ್ದು, ಲೇನ್ ಬದಲಿಸಿದಾಗಲೆಲ್ಲ ಸದ್ದು ಮಾಡುತ್ತಿತ್ತು.

"ನಿನಗೆ ಕೊಟ್ಟಿದ್ದು ಅಂದ್ಕೊಂಡೆ," ಎಂದರು ಬದರುನ್ನೀಸಾ ಕೊನೆಗೆ. "ನಾನೇ ನೋಡಿದ್ನಲ್ಲ. ಆ ಅಜ್ಜ ನಿನ್ನ ಅಂಗೈಲಿ ಇಟ್ಟು, ಬೆರಳು ಮಡಚಿ, ಮೇಲೆ ತಟ್ಟಿದ್ರು. ಈದಿ, ಹಬ್ಬದ ಕಾಣಿಕೆ ಕೊಟ್ಟಂಗೇ ಇತ್ತು. ಈದ್ ಮಾರನೇ ದಿನ ಹಿರಿಯರು ಹಾಗೆ ಕೊಟ್ರೆ ಇನ್ನೇನು ಅಂದ್ಕೋಬೇಕು?"

ಅದು ನಿಜವೇ. ಈದಿನ ಮಾರನೇ ದಿನ ಬೆದ್ರೋಸರಿಗೆ ಶೀರ್ ಖುರ್ಮಾ ಪಾಯಸ ಕೊಡಲು ಅತ್ತೆಯನ್ನೂ ಗ್ಲೆಂಡೇಲಿಗೆ ಕರೆದುಕೊಂಡು ಹೋಗಿದ್ದಳು. ಬ್ರೆಡ್ ಸುಡುವ ವಾಸನೆ ಮೇಲಕ್ಕೆ ಬರುವ ಬೇಕರಿಯ ಮಾಳಿಗೆಯಲ್ಲಿ ಆ ಮುದುಕರ ನಾಣ್ಯದ ಅಂಗಡಿ. ಮಾರುವ ನಾಣ್ಯಗಳೆಲ್ಲ ಗಾಜಿನ ಕೆಳಗೆ. ಮಾರದ ಒಂದೇ ಒಂದು ಅವರ ಕೋಟಿನ ಒಳಜೇಬಿನಲ್ಲಿ. ನೂರು ವರ್ಷದ ಹಿಂದೆ ತಮ್ಮವರ ಕಗ್ಗೊಲೆ ನಡೆದು, ಅವರ ಅಜ್ಜಿ ಹುಟ್ಟೂರು ಸಮ್ಸೂನ್ ಬಿಟ್ಟು ಓಡಬೇಕಾಗಿ ಬಂದಾಗ ಲಂಗದ ಅಂಚಿನೊಳಗೆ ಹೊಲಿದು ತಂದದ್ದು. ಮನೆಯಿಂದ ಉಳಿದದ್ದು ಅಷ್ಟೇ.

ಆ ಸಮ್ಸೂನೇ ಹಿಂದೆ ಅಮಿಸೋಸ್. ಕಪ್ಪು ಸಮುದ್ರದ ದಡದಲ್ಲಿ ಗ್ರೀಕರು ಬಂದು ಕಟ್ಟಿದ ವಸಾಹತು, ಆಮೇಲೆ ರೋಮಿನ ಕೈಗೆ ಹೋದದ್ದು. ಮಾನಸಗಂಗೋತ್ರಿಯಲ್ಲಿ ಇತಿಹಾಸ ಎಂ.ಎ. ಮಾಡಿ, ಎಲ್ ಸೆಗುಂಡೋದ ವಿಮಾನ ಕಂಪನಿಯ ಎಂಜಿನಿಯರನ್ನು ಮದುವೆಯಾಗಿ ಬಂದು, ಕೋವಿಡ್ಡಿನಲ್ಲಿ ಎಲ್ಲರೂ ಬಾಗಿಲು ಹಾಕಿಕೊಂಡು ಕೂತಿದ್ದಾಗ ಹೊಲಿಗೆ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಗ್ರೀಕ್ ಅಕ್ಷರ ಕಲಿತ ಫಲಕ್‌ಳನ್ನು ಬೆದ್ರೋಸ್ ಕೆಲಸಕ್ಕೆ ಇಟ್ಟುಕೊಂಡಿದ್ದಕ್ಕೆ ಕಾರಣ ಆ ನಾಣ್ಯವೇ. ಮೊದಲ ದಿನ ಅವರು ಪರೀಕ್ಷೆ ಮಾಡುವವರಂತೆ ಅದನ್ನು ಮುಂದಿಟ್ಟಿದ್ದರು. ಅವಳು ಅಂಚಿನ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದ್ದಳು. ಮುದುಕರು ಕನ್ನಡಕ ತೆಗೆದು ಒರೆಸಿಕೊಂಡಿದ್ದರು. ಈಗ ಪೊಮೊನಾದ ವಿಶ್ವವಿದ್ಯಾಲಯದಲ್ಲಿ ಒಂದು ಸಣ್ಣ ಸಭೆ. ಈ ನಾಣ್ಯದ ಮೇಲೆ ಅವಳದೇ ಪ್ರಬಂಧ, ಕಾರ್ಯಕ್ರಮದ ಹಾಳೆಯಲ್ಲಿ ಅವಳದೇ ಹೆಸರು. ಅದಕ್ಕಾಗಿ ಫೋಟೋ ತೆಗೆದು ತೂಕ ನೋಡಲಿ ಎಂದು, ಯಾರಿಗೂ ಕೊಡದಿದ್ದವರು ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದ್ದರು. ನಾಳೆ ವಾಪಸ್ ಕೊಡಬೇಕಿತ್ತು.

"ಅವತ್ತು ಸಂಜೆ ನಿಮಗೆ ತೋರಿಸಿ ಹೇಳ್ಲಿಲ್ವಾ ನಾನು?" ಎಂದಳು.

"ತೋರಿಸ್ದೆ. ಏನು ಬರೆದಿದೆ ಅಂತ ಹೇಳ್ದೆ. ವಾಪಸ್ ಕೊಡ್ಬೇಕು ಅಂತ ಹೇಳ್ಲಿಲ್ಲ."

ಅದೂ ನಿಜ. ಭೂತಗನ್ನಡಿಯ ಕೆಳಗೆ ಒಂದು ಬದಿ ತೋರಿಸಿದ್ದಳು. ಗಡ್ಡದ ಚಕ್ರವರ್ತಿ ಹೇಡ್ರಿಯನ್, ಎಲೆಯ ಕಿರೀಟ. ಇನ್ನೊಂದು ಬದಿಯಲ್ಲಿ ತೆನೆ ಹಿಡಿದು ನಿಂತ ದೇವಿ, ಸುತ್ತ ಅಕ್ಷರಗಳು. 'ಸ್ವತಂತ್ರ ಅಮಿಸೋಸಿನದು' ಎಂದು ಅರ್ಥ ಹೇಳಿದ್ದಳು. ಬದರುನ್ನೀಸಾ ಬೊಚ್ಚುಬಾಯಿ ಬಿಟ್ಟು ನಕ್ಕಿದ್ದರು. "ಒಂದ್ಕಡೆ ರೋಮಿನ ರಾಜನ ತಲೆ, ಇನ್ನೊಂದ್ಕಡೆ ನಾವು ಸ್ವತಂತ್ರರು ಅಂತ ಬರಹ! ಸೊಸೆ ಕೈಗೆ ಬೀರು ಕೀಲಿ ಕೊಟ್ಟು, ಅತ್ತೆ ಬೀರು ಮುಂದೆ ಚಾಪೆ ಹಾಕ್ಕೊಂಡು ಮಲಗಿದಂಗಾಯ್ತು." ಇಬ್ಬರೂ ನಕ್ಕಿದ್ದರು. ಅಂಥ ಮಾತನ್ನು ಎಲ್ಲರ ಅತ್ತೆಯರೂ ಆಡುವುದಿಲ್ಲ ಎಂದು ಫಲಕ್‌ಗೆ ಹೆಮ್ಮೆಯೇ ಆಗಿತ್ತು.

ಕಾರಿನ ಸ್ಪೀಕರಿನಲ್ಲಿ ಫೋನ್ ಬಂತು. ಕರೀಮ್.

"ಫಲಕ್, ಏನಾಯ್ತು? ಆಗ್ಲೇ ಮನೆಯಿಂದ ಅಮ್ಮೀ ಫೋನ್ ಮಾಡಿ ಅಳ್ತಾ ಇದ್ರು. ನೀನು ಅವರ ಮೇಲೆ ಕೂಗಾಡಿದ್ಯಾ?"

"ಇನ್ನೂ ಇಲ್ಲ."

"ನೋಡು, ಟೆನ್ಷನ್ ತಗೋಬೇಡ. ಈಗ್ತಾನೆ ಆನ್‌ಲೈನಲ್ಲಿ ಸರ್ಚ್ ಮಾಡ್ದೆ. ಅಮಿಸೋಸ್, ಹೇಡ್ರಿಯನ್, ಸಿಲ್ವರ್. ಮೂರ್ನಾಲ್ಕು ಸೇಲಿಗಿವೆ. ಚೆನ್ನಾಗಿರೋದೇ ಒಂದು ಆರ್ಡರ್ ಮಾಡ್ಲಾ? ಆ ಅಜ್ಜನಿಗೆ ಗೊತ್ತೂ ಆಗಲ್ಲ."

"ನಿಮ್ಮಮ್ಮ ಕಳೆದುಹೋದ್ರೆ ಆನ್‌ಲೈನಲ್ಲಿ ಇನ್ನೊಬ್ರನ್ನ ಆರ್ಡರ್ ಮಾಡ್ತೀರಾ?"

"ನಾನು ಇಲ್ಲೇ ಇದೀನಿ ಕಣೋ," ಎಂದರು ಬದರುನ್ನೀಸಾ.

ಕರೀಮ್ ಮೀಟಿಂಗ್ ಇದೆ ಎಂದು ಇಟ್ಟುಬಿಟ್ಟ.

ಎಡಕ್ಕೆ ಗುಡ್ಡ, ಬಲಕ್ಕೆ ಸಮುದ್ರ. ಸ್ಯಾನ್ ಒನೊಫ್ರೆಯ ಮುಚ್ಚಿದ ಅಣುಸ್ಥಾವರದ ದುಂಡನೆಯ ಗುಮ್ಮಟ ದೂರದಲ್ಲಿ ಕಂಡಿತು. ಬದರುನ್ನೀಸಾ ಪ್ರತಿ ಸಲವೂ ಅದನ್ನು ಮಸೀದಿಯ ಗುಮ್ಮಟ ಎಂದು ತಮಾಷೆ ಮಾಡುತ್ತಿದ್ದರು. ಇವತ್ತು ಅತ್ತ ನೋಡಲೂ ಇಲ್ಲ.

"ಒಂದು ಮಾತು ಹೇಳ್ತೀನಿ, ಕೋಪ ಮಾಡ್ಕೋಬೇಡ. ಕೊಟ್ಟ ಸದ್ಕಾ ವಾಪಸ್ ಕೇಳ್ಬಾರ್ದು ಕಣಮ್ಮ. ಕಕ್ಕಿದ್ದನ್ನ ನೆಕ್ಕಿದ ಹಾಗೆ ಅಂತಾರೆ. ದುಡ್ಡು ಕೊಟ್ಟು ಕೊಂಡ್ಕೊಳ್ಳೋದೂ ತಪ್ಪೇ. ಮಗು ಮೇಲೆ ಇಟ್ಟ ಜಾಮೀನು ಅದು. ನಾವೇ ಹೋಗಿ ಕಿತ್ಕೊಂಡ್ರೆ ಮಗುಗೆ ಏನಾದ್ರೂ ಆದ್ರೆ?"

"ಸದ್ಕಾ ಆಗ್ಬೇಕಾದ್ರೆ ಮೊದ್ಲು ಅದು ನಮ್ಮದಾಗಿರ್ಬೇಕಲ್ವಾ ಅಮ್ಮೀ? ಬೇರೆಯವರ ವಸ್ತು ಎತ್ತಿ ಕೊಟ್ರೆ ಅದಕ್ಕೆ ಏನಂತಾರೆ?"

ಹೇಳಿದ ಮೇಲೆ ಅವಳ ಕಿವಿಗೇ ಆ ಮಾತು ಬಡಿಯಿತು. ಬದರುನ್ನೀಸಾರ ಮುಖದಿಂದ ಏನೋ ಒಂದು ಇಳಿದುಹೋಯಿತು. ತರಗತಿಯಲ್ಲಿ ಸೀಮೆಸುಣ್ಣ ಕದ್ದ ಹುಡುಗಿಯರನ್ನು ಬಾಗಿಲ ಬಳಿ ನಿಲ್ಲಿಸುತ್ತಿದ್ದ ಹೆಂಗಸು.

"ಕಳ್ಳತನ ಅಂತಾರೆ," ಎಂದರು ನಿಧಾನವಾಗಿ. "ನಾನು ಕದ್ದಿದ್ದೀನಿ."

"ನಾನು ಹಾಗಂದಿಲ್ಲ."

"ಅಂದೆ. ಸರಿಯಾಗೇ ಅಂದೆ. ಆದ್ರೆ ನಿನ್ನದು ಅಂದ್ಕೊಂಡಿದ್ದೆ ಕಣಮ್ಮ, ಅಲ್ಲಾಹನಾಣೆ. ನಿನ್ನದು ಅಂದ್ರೆ ನಮ್ಮದೇ ಅಲ್ವಾ ಅಂತ ತಗೊಂಡೆ."

ಮುಂದಿನ ಲಾರಿ ತಟಕ್ಕನೆ ಬ್ರೇಕ್ ಹಾಕಿತು. ಫಲಕ್ ಕಾರು ನಿಲ್ಲಿಸಿದ ರಭಸಕ್ಕೆ ಡಬ್ಬಿ ಹಾರಿ ಅತ್ತೆಯ ಕಾಲ ಬಳಿ ಬಿತ್ತು.

"ನನ್ನದೇ ಆಗಿದ್ರೂ ನನ್ನ ಕೇಳ್ಬೇಕಿತ್ತಲ್ಲ ಅಮ್ಮೀ," ಎಂದಳು. "ನಾನು ಪಕ್ಕದ ರೂಮಲ್ಲೇ ಇದ್ದೆ. ಸ್ನಾನಕ್ಕೂ ಹೋಗಿರ್ಲಿಲ್ಲ. ಅಲ್ಲೇ, ಬಟ್ಟೆ ಮಡಚ್ತಾ ಇದ್ದೆ."

ಬದರುನ್ನೀಸಾ ಬಗ್ಗಿ ಡಬ್ಬಿ ಎತ್ತಿಕೊಂಡರು. ಗುಂಡಿಯಲ್ಲಿ ಇಡಲಿಲ್ಲ. ಮಡಿಲಲ್ಲಿಟ್ಟುಕೊಂಡು ಎರಡೂ ಕೈಯಿಂದ ಮುಚ್ಚಿದರು. ಆಮೇಲೆ ಸಕ್ಕರೆಯ ಸದ್ದು ಕೇಳಲಿಲ್ಲ. ಇಷ್ಟು ವರ್ಷಗಳಲ್ಲಿ ಆ ಮಾತನ್ನು ತಾನು ಯಾರಿಗೂ ಹೇಳಿರಲಿಲ್ಲ, ತನಗೂ ಹೇಳಿಕೊಂಡಿರಲಿಲ್ಲ ಎಂದು ಫಲಕ್‌ಗೆ ಹೊಳೆಯಿತು.

ಪಾರ್ಕಿಂಗ್ ಲಾಟಿನ ತುದಿಯಲ್ಲಿ, ನೀರಿಗೆ ಮುಖ ಮಾಡಿ ಬಣ್ಣ ಮಾಸಿದ ವ್ಯಾನು ನಿಂತಿತ್ತು. ಪಕ್ಕದಲ್ಲಿ ರಿಮ್ಶಾ, ಲ್ಯಾಬಿನ ಗುರುತಿನ ಬಿಲ್ಲೆಯನ್ನು ಕೊರಳಿನಿಂದ ತೆಗೆಯದೆ ಬಂದವಳು, ಉಗುರು ಕಚ್ಚುತ್ತಿದ್ದಳು. ಅವಳ ಬಲತೋಳು ಬರಿದಾಗಿತ್ತು.

ವ್ಯಾನಿನ ಹಿಂದಿನಿಂದ ಹೆಂಗಸೊಬ್ಬಳು ಬಂದಳು. ಅರವತ್ತು ದಾಟಿರಬಹುದು. ಬಿಳಿಗೂದಲನ್ನು ಗಿಡ್ಡಕ್ಕೆ ಕತ್ತರಿಸಿಕೊಂಡಿದ್ದಳು, ಬಿಸಿಲಿಗೆ ಕೆಂಪಾದ ಮುಖ, ತೋಳಿಲ್ಲದ ಅಂಗಿ. ಅವಳ ಬಲತೋಳಿನ ಮೇಲೆ, ಮೊಣಕೈಗಿಂತ ಸ್ವಲ್ಪ ಮೇಲೆ, ಜರಿಯಂಚಿನ ಹಸಿರು ಬಟ್ಟೆ ಕಟ್ಟಿತ್ತು.

ಫಲಕ್ ನಿಂತಲ್ಲೇ ನಿಂತಳು. ದಾರಿಯುದ್ದಕ್ಕೂ ಅವಳ ಮನಸ್ಸು ಏನೇನೋ ಚಿತ್ರ ಬರೆದಿತ್ತು. ನಾಣ್ಯವನ್ನು ಎಲ್ಲೋ ಎಸೆದಿರಬಹುದು, ಸಿಗರೇಟಿಗೆ ಕೊಟ್ಟಿರಬಹುದು, ಕೇಳಿದರೆ ಬೈಯಬಹುದು. ಕಟ್ಟಿಕೊಂಡಿರಬಹುದು ಎಂದು ಮಾತ್ರ ಹೊಳೆದಿರಲಿಲ್ಲ. ನಿನ್ನೆ ಮಗಳ ತೋಳಿನ ಮೇಲೆ ತಾನು ಒತ್ತಿ ನೋಡಿದ ಅದೇ ಗಂಟು.

"ನೀವೇ ಅಮ್ಮ ಇರಬೇಕು," ಎಂದಳು ಮಾರ್ಲೀನ್ ಇಂಗ್ಲಿಷಿನಲ್ಲಿ, ಕೈ ಚಾಚುತ್ತ. "ಕಣ್ಣು ನಿಮ್ಮದೇ. ನಿಮ್ಮ ಮಗಳು ಎಂಥವಳು ಅಂತ ಗೊತ್ತಾ ನಿಮಗೆ? ಇದು ಅವಳನ್ನ ಕ್ಷೇಮವಾಗಿ ಕರೆತಂತಂತೆ. ಇನ್ನು ನನ್ನ ಸರದಿಯಂತೆ. ತಲುಪೋ ತನಕ ಬಿಚ್ಚಬಾರದಂತೆ. ಟೂಸಾನಿನಲ್ಲಿ ನನ್ನ ಮಗಳಿದ್ದಾಳೆ. ಅವಳು ಬಾಗಿಲು ತೆಗೀತಾಳೋ ಇಲ್ಲವೋ ಗೊತ್ತಿಲ್ಲ. ಆದರೂ ಹೊರಟಿದ್ದೇನೆ." ಒಂದು ದೀಪ ಒಡೆದ ವ್ಯಾನಿನ ಮೂತಿಯನ್ನು ತೋರಿಸಿ ನಕ್ಕಳು. "ಕತ್ತಲಾಗೋದರೊಳಗೆ ಮರುಭೂಮಿ ದಾಟಬೇಕು. ನೀವು ಬರೋದಕ್ಕೆ ಕಾಯಿ ಅಂದಳು, ಕಾದೆ."

ರಿಮ್ಶಾ ತಾಯಿಯ ಮುಖ ನೋಡಿದಳು. ಫಲಕ್ ಹೇಳಬೇಕಿದ್ದ ಮಾತು ಒಂದೇ ಒಂದು. ಹೋಗಲಿ ಬಿಡಿ, ಒಳ್ಳೆಯದಾಗಲಿ ಎಂದುಬಿಡುವುದು ಎಷ್ಟು ಸುಲಭ. ಇಷ್ಟು ವರ್ಷ ಅವಳು ಅಂದುಕೊಂಡು ಬಂದದ್ದೂ ಅದನ್ನೇ. ಆದರೆ ಅವಳ ಅಂಗೈಗೆ ಬೆದ್ರೋಸರ ಒಣಗಿದ ಬೆರಳುಗಳ ನೆನಪಿತ್ತು.

"ನನಗೆ ಅದು ವಾಪಸ್ ಬೇಕು," ಎಂದಳು. ಇಂಗ್ಲಿಷಿನಲ್ಲಿ ಅದು ಇನ್ನೂ ಒರಟಾಗಿ ಕೇಳಿಸಿತು.

ಮಾರ್ಲೀನಳ ಎಡಗೈ ತಾನಾಗಿಯೇ ಹೋಗಿ ಹಸಿರು ಬಟ್ಟೆಯನ್ನು ಮುಚ್ಚಿತು. ಮುಖದ ನಗು ಇನ್ನೂ ಹೋಗಿರಲಿಲ್ಲ, ಅಲ್ಲೇ ನಿಂತುಬಿಟ್ಟಿತ್ತು.

ಆಗ ಬದರುನ್ನೀಸಾ ಮುಂದೆ ಬಂದರು. ಅದಲುಬದಲಾದ ಚಪ್ಪಲಿಯಲ್ಲಿ ಕುಂಟುತ್ತ ಬಂದು, ತಮ್ಮ ಶಾಲೆಯ ಇಂಗ್ಲಿಷಿನಲ್ಲಿ, ಒಂದೊಂದೇ ಪದ ಎತ್ತಿಡುತ್ತ ಹೇಳಿದರು.

"ಮೇಡಂ. ಮೈ ಮಿಸ್ಟೇಕ್. ನಾಟ್ ಹರ್ ಮಿಸ್ಟೇಕ್. ನಾಟ್ ದಿಸ್ ಗರ್ಲ್. ಐ ಟೇಕ್. ವಿದೌಟ್ ಆಸ್ಕಿಂಗ್." ಎದೆಯ ಮೇಲೆ ಕೈಯಿಟ್ಟುಕೊಂಡರು. "ಬಿಲಾಂಗ್ಸ್ ಟು ಒನ್ ಓಲ್ಡ್ ಮ್ಯಾನ್. ಹಿಸ್ ಗ್ರ್ಯಾಂಡ್‌ಮದರ್ಸ್."

ಮಾರ್ಲೀನ್ ಆ ಮುದುಕಿಯನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಗಂಟಿಗೆ ಕೈ ಹಾಕಿದಳು. ಒಂದೇ ಕೈಯಲ್ಲಿ ಬಿಚ್ಚಲು ಬರಲಿಲ್ಲ. ರಿಮ್ಶಾ ಹೋಗಿ ಬಿಚ್ಚಿದಳು. ಬಿಸಿಲಿಗೆ ಕೆಂಪಾದ ತೋಳಿನ ಮೇಲೆ ಬಟ್ಟೆ ಬಿಗಿದಿದ್ದ ಅಗಲಕ್ಕೆ ಒಂದು ಬಿಳಿಯ ಪಟ್ಟಿ ಕಾಣಿಸಿತು.

"ಇರಲಿ," ಎಂದಳು. "ನನ್ನದಾಗೋದಕ್ಕೆ ಅದು ಸ್ವಲ್ಪ ಹೆಚ್ಚೇ ಚೆನ್ನಾಗಿತ್ತು."

ಫಲಕ್ ಬಟ್ಟೆಯ ಮಡಿಕೆ ತೆರೆದಳು. ಚಕ್ರವರ್ತಿಯ ಕೆನ್ನೆ ಹೊಸ ಚಮಚದ ಹಾಗೆ ಫಳಫಳ ಹೊಳೆಯುತ್ತಿತ್ತು. ಗಡ್ಡದ ಸುರುಳಿಗಳ ನಡುವೆ, ಎಲೆಗಳ ನಡುವೆ ನೂರಾರು ವರ್ಷ ನಿಧಾನವಾಗಿ ಕೂತಿದ್ದ, ನಾಣ್ಯದ ವಯಸ್ಸು ಹೇಳುವ ಕಪ್ಪು ಎಲ್ಲಿಯೂ ಇರಲಿಲ್ಲ.

"ಅಮ್ಮೀ... ಏನ್ ಮಾಡಿದ್ರಿ ಇದಕ್ಕೆ?"

"ಕಪ್ಪಾಗಿತ್ತಲ್ಲ," ಎಂದರು ಬದರುನ್ನೀಸಾ, ಕೇಳಿಸದಷ್ಟು ಮೆಲ್ಲಗೆ. "ಪಾಕ್ ಆಗ್ಲಿ, ಶುದ್ಧ ಆಗ್ಲಿ ಅಂತ ಟೂತ್‌ಪೇಸ್ಟ್ ಹಚ್ಚಿ ಉಜ್ದೆ. ಬೆಳ್ಳಿ ಲೋಟಕ್ಕೆ ಉಜ್ಜಲ್ವಾ, ಹಂಗೆ. ತಪ್ಪಾ ಅದೂ?"

ಫಲಕ್ ನಾಣ್ಯವನ್ನು ಅಂಚಿನಲ್ಲಿ ಹಿಡಿದು ತಿರುಗಿಸಿದಳು. ಕಣ್ಣು ಮುಚ್ಚಿಕೊಂಡು ತಿರುಗಿಸಿ, ಆಮೇಲೆ ತೆರೆದಳು. ತೆನೆ ಹಿಡಿದ ದೇವಿ ಬೂದುಗಪ್ಪಾಗಿ ಹಾಗೇ ನಿಂತಿದ್ದಳು. ಸುತ್ತಲಿನ ಅಕ್ಷರಗಳೂ ತಮ್ಮ ಕಪ್ಪಿನೊಳಗೆ ಹಾಗೇ ಕೂತಿದ್ದವು.

"ಆ ಕಡೆ ಉಜ್ಜೋ ಅಷ್ಟರಲ್ಲಿ ಇವಳು ಲೇಟಾಯ್ತು ಅಂತ ಹಾರನ್ ಹೊಡೆದ್ಲು," ಎಂದರು ಬದರುನ್ನೀಸಾ.

ಫಲಕ್‌ಗೆ ನಗು ಬಂತೋ ಅಳು ಬಂತೋ, ಗಂಟಲಿನಿಂದ ಹೊರಟ ಸದ್ದು ಎರಡೂ ಆಗಿರಲಿಲ್ಲ. ಮಾರ್ಲೀನ್ ವ್ಯಾನಿನ ಹಿಂಬಾಗಿಲನ್ನು ದೂಡಿ ಮುಚ್ಚುತ್ತಿದ್ದಳು. ಅವಳು ಬಲತೋಳನ್ನು ಮೈಗೆ ಅಂಟಿಸಿಕೊಂಡಿದ್ದಳು, ಚಳಿಯಾದವಳ ಹಾಗೆ.

"ಫಲಕ್," ಎಂದರು ಬದರುನ್ನೀಸಾ. "ನಿನ್ನ ಹತ್ರ ಒಂದು ಕಾಸಿದ್ರೆ ಕೊಡ್ತೀಯಾ? ತಗಡಾದ್ರೂ ಆಗ್ಲಿ. ಅವಳು ಇನ್ನೂ ತಲುಪಿಲ್ಲ."

ಫಲಕ್ ಕಾರಿಗೆ ಹೋಗಿ ಪಾರ್ಕಿಂಗ್ ಮೀಟರಿಗೆಂದು ಇಟ್ಟಿದ್ದ ಚಿಲ್ಲರೆಯಲ್ಲಿ ಕೈಯಾಡಿಸಿ ಕಾಲು ಡಾಲರಿನ ಒಂದು ಕ್ವಾರ್ಟರ್ ತಂದುಕೊಟ್ಟಳು. ಬದರುನ್ನೀಸಾ ಅದನ್ನು ಸೆರಗಿಗೆ ಒರೆಸಲು ಹೋಗಿ, ಸೊಸೆಯ ಕಡೆ ನೋಡಿ, ಒರೆಸದೆ ಬಿಟ್ಟರು. ಕಣ್ಣಿಗೆ ಹತ್ತಿರ ತಂದು ಓರೆಯಾಗಿ ಹಿಡಿದರು.

"ಇದ್ರಲ್ಲೂ ಯಾರದೋ ತಲೆ ಇದೆ. ಮೇಲೆ ಏನೋ ಬರೆದಿದೆ, ಕನ್ನಡಕ ಇಲ್ಲ ನನಗೆ. ಏನಂತೆ?"

ಫಲಕ್ ಬಗ್ಗಿ ನೋಡಿದಳು. ದಿನಾ ಕೈಯಲ್ಲಿ ಹಿಡಿಯುವ ಕಾಸು, ಯಾವತ್ತೂ ಓದಿರಲಿಲ್ಲ.

"ಲಿಬರ್ಟಿ, ಸ್ವತಂತ್ರ ಅಂತ. ಅದೇ, ಅಮ್ಮೀ," ಎಂದಳು.

ಬದರುನ್ನೀಸಾ ಕೇಳಿಸಿಕೊಂಡರೋ ಇಲ್ಲವೋ. ಕ್ವಾರ್ಟರನ್ನು ಹಸಿರು ಬಟ್ಟೆಯಲ್ಲಿ ಸುತ್ತಿ, ತುಟಿ ಅಲುಗಿಸುತ್ತ ಮಾರ್ಲೀನಳ ತೋಳಿನ ಬಿಳಿಯ ಪಟ್ಟಿಯ ಮೇಲೇ ಅದನ್ನು ಇಟ್ಟು ಗಂಟು ಹಾಕಿದರು. ಒಂದು ತುದಿಯನ್ನು ಕೈಯಲ್ಲಿ, ಇನ್ನೊಂದನ್ನು ಉಳಿದಿದ್ದ ಎರಡು ಹಲ್ಲುಗಳಲ್ಲಿ ಹಿಡಿದು ಬಿಗಿದರು. ಮಾರ್ಲೀನ್ ಸೂಜಿ ಹಾಕಿಸಿಕೊಳ್ಳುವ ಮಗುವಿನಂತೆ ಮುಖ ಆ ಕಡೆ ತಿರುಗಿಸಿ ನಿಂತಿದ್ದಳು. ಫಲಕ್ ಡಬ್ಬಿಯಿಂದ ಕಲ್ಲುಸಕ್ಕರೆ ತೆಗೆದು ಅವಳ ಅಂಗೈಯಲ್ಲಿಟ್ಟಳು. ಇದೇನು ಎಂದು ಕೇಳದೆ ಮಾರ್ಲೀನ್ ಅದನ್ನು ಬಾಯಿಗೆ ಹಾಕಿಕೊಂಡಳು.

ವ್ಯಾನು ಹೋಯಿತು. ರಿಮ್ಶಾ ಅಜ್ಜಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಚಪ್ಪಲಿಗಳನ್ನು ಸರಿಯಾಗಿ ಹಾಕಿ, ಇಬ್ಬರನ್ನೂ ಒಟ್ಟಿಗೆ ತಬ್ಬಿಕೊಂಡು, ಲ್ಯಾಬಿಗೆ ಓಡಿದಳು.

ವಾಪಸ್ ಬರುವಾಗ ಡಬ್ಬಿ ಬದರುನ್ನೀಸಾರ ಮಡಿಲಲ್ಲೇ ಇತ್ತು. ಒಳಗಿನಿಂದ ಸದ್ದು ಬರುತ್ತಿರಲಿಲ್ಲ. ನಾಣ್ಯ ತನ್ನ ಹತ್ತಿಯ ಗುಳಿಯಲ್ಲಿ ಸರಿಯಾಗಿ ಕೂತಿತ್ತು. ಓಷನ್‌ಸೈಡ್ ದಾಟಿದ ಮೇಲೆ ಫಲಕ್ ಸ್ಕ್ರೀನಿನ ಮೇಲೆ ಬೆದ್ರೋಸರ ಹೆಸರು ಹುಡುಕಿದಳು.

"ನಾಳೆ ಮುಖ ನೋಡಿ ಹೇಳಿದ್ರಾಗಲ್ವಾ?" ಎಂದರು ಬದರುನ್ನೀಸಾ.

"ನಾಳೆ ತನಕ ನನ್ನ ಕೈಲಿ ಆಗಲ್ಲ."

"ಮಾತಾಡೋದು ನಾನಾ, ನೀನಾ?"

"ನಾನು. ನನ್ನ ಕೈಗೆ ಕೊಟ್ಟಿದ್ದು."

"ಆಮೇಲೆ ನನಗೆ ಕೊಡ್ತೀಯಾ?"

ಫಲಕ್ ಹೆಸರಿನ ಮೇಲೆ ಒತ್ತಿದಳು. ರಿಂಗಿನ ಸದ್ದು ಇಡೀ ಕಾರನ್ನು ತುಂಬಿತು. ಎಡಗಡೆಯ ಸಮುದ್ರದ ಮೇಲೆ ಬಿಸಿಲು ಓರೆಯಾಗಿ ಬಿದ್ದಿತ್ತು. ಬದರುನ್ನೀಸಾ ಡಬ್ಬಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಹೊರಗೆ ಇಣುಕಿದ್ದ ಬಿಳಿಗೂದಲನ್ನು ಒಳಗೆ ಸೇರಿಸಿ, ಯಾರೋ ಎದುರಿಗೆ ಬಂದು ಕೂರುವವರಿದ್ದಾರೆ ಎಂಬಂತೆ ನೆಟ್ಟಗೆ ಕುಳಿತರು.